ತೂತು ಕೊರೆಯುವ ಮುನ್ನ

ಮೊನ್ನೆ ಬಂಧುಗಳೊಬ್ಬರ ಅಂಗಳದಲ್ಲಿ ನಮ್ಮ ಸೋದರತ್ತೆಯವರ ಹಿತ್ತಾಳೆಯ ಕೊಳಗವನ್ನು ಕಂಡೆ. ತಳಕ್ಕೆ ತೂತು ಕೊರೆದು ಕ್ರೋಟನ್ ನೆಟ್ಟಿದ್ದರು. ‘ಹಳೆಯದರ ಮರುಬಳಕೆ’ ಎಂದರು. ನಾನು ಒಪ್ಪಲಾರೆ. ಎಷ್ಟೋ ಶುಭಕಾರ್ಯಗಳಿಗೆ ಅನ್ನ, ಹುಳಿ ಬೇಯಿಸಿದ ಪಾತ್ರೆಯದು. ಕಲಾಯಿ ಹಾಕಿಸಿದ್ದರೆ ಮರುದಿನವೇ ಒಲೆಯೇರುತ್ತಿತ್ತು.

ಕುಂಡಕ್ಕೆ ತೂತು ಬೇಕು, ನಿಜ. ನೀರು ಬಸಿಯದಿದ್ದರೆ ಬೇರು ಕೊಳೆಯುತ್ತದೆ. ಆದುದರಿಂದಲೇ ನಮ್ಮ ತಾಯಿಯವರು ದೊಡ್ಡಪತ್ರೆಯನ್ನು ತಳ ಸವೆದು ಸೋರುವ ಬಕೀಟಿನಲ್ಲಿ ಬೆಳೆಸುತ್ತಿದ್ದರು. ನೀರಿಗೆ ಒದಗದ ಮೇಲೆ ಮಣ್ಣಿಗೆ ಒದಗಿಸುವುದು ಮರುಬಳಕೆ. ಗಟ್ಟಿಮುಟ್ಟಾದ ಪಾತ್ರೆಯನ್ನು ಅಲಂಕಾರಕ್ಕಾಗಿ ಕೆಡಿಸುವುದು ಶುದ್ಧ ದುಂದುಗಾರಿಕೆ.

ಪ್ರಿಯ ಶಿಷ್ಯರೇ, ಡ್ರಿಲ್ ಹಿಡಿಯುವ ಮುನ್ನ ಪಾತ್ರೆಗೆ ನೀರು ತುಂಬಿ ನೋಡಿರಿ. ಸೋರದಿದ್ದರೆ ದಯಮಾಡಿ ಅದನ್ನು ಅಡುಗೆಮನೆಗೇ ಹಿಂದಿರುಗಿಸಿರಿ.