ಐವತ್ತೂ ಇಪ್ಪತ್ತೂ ಎಷ್ಟು?

ಮಕ್ಕಳೇ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದ ನಾನು ಮೊನ್ನೆ ಅಂಗಡಿಯಲ್ಲಿ ಬೆಪ್ಪಾದೆ.

‘ಶೇ. 50 + ಶೇ. 20 ರಿಯಾಯಿತಿ’ ಎಂಬ ಬೋರ್ಡು ನೋಡಿ ಮೊಮ್ಮಗಳು 1,000 ರೂಪಾಯಿಯ ಟಿಫಿನ್ ಡಬ್ಬಿ ಆರಿಸಿದಳು. “ಶೇ. 70 ಹೋದರೆ 300 ತಾನೇ ತಾತ?” ಎಂದಳು. ನಾನೂ ಹೂಂಗುಟ್ಟಿದೆ. ಹುಂಡಿ ಒಡೆದು ಅವಳು ತಂದಿದ್ದೂ ಅಷ್ಟೇ.

ಬಿಲ್ಲು ಬಂದದ್ದು 400! ಮೊದಲು ಅರ್ಧ ಹೋಗಿ 500. ಆ 500ರಲ್ಲಿ ಶೇ. 20, ಅಂದರೆ 100. ಒಟ್ಟು ರಿಯಾಯಿತಿ ಶೇ. 60 ಮಾತ್ರ. ಅವಳ ಮುಖ ಬಾಡಿತು.

ಉಳಿದ ನೂರು ಕೊಡಲು ನಾನು ಜೇಬಿಗೆ ಕೈಹಾಕಿದೆ. ಅಷ್ಟರಲ್ಲಿ ಅವಳು ಪೆಟ್ಟಿಗೆಯ ಮೇಲಿನ ಬೆಲೆಚೀಟಿಯನ್ನು ಉಗುರಿನಿಂದ ಕೆರೆದಳು. ಅಡಿಯಲ್ಲಿ ಅಚ್ಚಾಗಿದ್ದ ಎಂ.ಆರ್.ಪಿ. 450! ನಿಜವಾದ ರಿಯಾಯಿತಿ ಐವತ್ತೇ ರೂಪಾಯಿ.

ಬೆಲೆ ಏರಿಸಲು ಹೀಗೆ ಚೀಟಿ ಅಂಟಿಸುವಂತಿಲ್ಲ. ಇಳಿಸಲು ಅಂಟಿಸಿದರೂ ಮೂಲ ಬೆಲೆಯನ್ನು ಮುಚ್ಚಬಾರದು. ಕೇಳಿದರೆ, “ಬೇಕಾದ್ರೆ ತಗೊಳ್ಳಿ ಯಜಮಾನ್ರೇ” ಎಂಬ ಉತ್ತರ. ಡಬ್ಬಿ ಅಲ್ಲೇ ಬಿಟ್ಟು ಬಂದೆವು.

ಮನೆಗೆ ಬಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಚೀಟಿಯ ವಿಷಯ ವಿವರಿಸಿದ್ದು ಅವಳೇ.

ಸರಿ, ಶೇ. 40 + ಶೇ. 40 ಎಂದರೆ ಎಷ್ಟು? 80 ಅಲ್ಲ! ಅಜ್ಜಿ–ತಾತನನ್ನು ಕೂರಿಸಿಕೊಂಡು ಲೆಕ್ಕ ಹಾಕಿ.