ಎಲ್ಲ ಬೋಳು ಮಚ್ಚೆಯೂ ರೋಗವಲ್ಲ

ಪುಟಾಣಿಗಳೇ, ಹೋದ ಮಳೆಗಾಲದಲ್ಲಿ ಒಬ್ಬಳು ಹುಡುಗಿ ತನ್ನ ತಾತನ ಜೊತೆ ನನ್ನ ಆಸ್ಪತ್ರೆಗೆ ಬಂದಳು. ತಾತನ ಕೈಯಲ್ಲಿದ್ದ ಬುಟ್ಟಿಯೊಳಗೆ ಅವಳ ಗಿನಿ ಪಿಗ್ ‘ಚುಕ್ಕಿ’ ಮುದುಡಿ ಕೂತಿತ್ತು.

“ಡಾಕ್ಟ್ರೇ, ಇದರ ಎರಡೂ ಕಿವಿ ಹಿಂದೆ ಕೂದಲೇ ಇಲ್ಲ ನೋಡಿ. ಹದಿನೈದು ದಿನದಿಂದ ಬೇವಿನೆಣ್ಣೆ ಹಚ್ತಾ ಇದ್ದೀನಿ, ಒಂದು ಎಳೆಯೂ ಬರಲಿಲ್ಲ” ಅಂದರು ತಾತ.

“ಒಂದು ವರ್ಷ ಹಚ್ಚಿದರೂ ಬರಲ್ಲ ಯಜಮಾನ್ರೇ. ಅಲ್ಲಿ ಕೂದಲು ಇರೋದೇ ಇಲ್ಲ!” ಅಂದೆ. ತಾತ ನಕ್ಕರು.

ಆಗ ಹುಡುಗಿ ಮೆಲ್ಲಗೆ ಹೇಳಿದಳು: “ಡಾಕ್ಟರ್ ಅಂಕಲ್, ಅದರ ಮೂಗಿನ ಮೇಲೆ ಧೂಳು ಅಂಟಿದೆ. ಎಷ್ಟು ಒರೆಸಿದರೂ ಹೋಗ್ತಾ ಇಲ್ಲ.”

ನೋಡಿದೆ. ಅದು ಧೂಳಲ್ಲ. ಮೂಗಿನ ಮೇಲೆ ಕೂದಲು ಉದುರಿ, ಬೂದು ಬಣ್ಣದ ಹೊಟ್ಟು ಎದ್ದಿತ್ತು. ಹುಡುಗಿಯ ಮೊಣಕೈ ಹತ್ತಿರವೂ ಕೆಂಪನೆಯ ಒಂದು ಉಂಗುರ ಮೂಡಿತ್ತು. ಅದೇ ಹುಳುಕಡ್ಡಿ. ಇಬ್ಬರಿಗೂ ಬಂದಿತ್ತು! ರೋಗವಿಲ್ಲದ ಕಡೆ ಎಣ್ಣೆ ಹಚ್ಚುತ್ತ, ರೋಗ ಇದ್ದ ಕಡೆ ಬರಿಗೈಯಲ್ಲಿ ಒರೆಸುತ್ತ ಹದಿನೈದು ದಿನ ಕಳೆದುಹೋಗಿತ್ತು.

ಅದಕ್ಕೇ ಮೊದಲು ಗಿನಿ ಪಿಗ್‌ನ ಮೈಮೇಲೆ ಸಹಜವಾಗಿ ಏನೇನು ಇರುತ್ತದೆ ಎಂದು ತಿಳಿದುಕೊಳ್ಳಿ.

ಎರಡು ಕಿವಿಗಳ ಹಿಂದೆಯೂ ಬೋಳಾದ ನುಣುಪು ಜಾಗ ಇರುತ್ತದೆ. ಹೊಟ್ಟೆಯ ಕೆಳಭಾಗದಲ್ಲಿ ಎರಡು ಮೊಲೆತೊಟ್ಟುಗಳಿರುತ್ತವೆ. ಇವು ಗಂಡಿಗೂ ಉಂಟು, ಹೆಣ್ಣಿಗೂ ಉಂಟು. ಉಣ್ಣೆ ಕಚ್ಚಿಕೊಂಡಿದೆ ಎಂದು ಕೀಳಲು ಹೋಗಬೇಡಿ! ಗಿನಿ ಪಿಗ್‌ಗೆ ಬಾಲ ಕಾಣುವುದಿಲ್ಲವಲ್ಲ, ಬಾಲ ಇರಬೇಕಾದ ಜಾಗದಲ್ಲಿ ಜಿಡ್ಡು ಸುರಿಸುವ ಒಂದು ಗ್ರಂಥಿ ಇದೆ. ಗಂಡುಗಳಲ್ಲಿ ಅಲ್ಲಿನ ಕೂದಲು ಅಂಟಂಟಾಗಿ ಕಪ್ಪಾಗುವುದುಂಟು. ಚೂರು ಕೊಬ್ಬರಿ ಎಣ್ಣೆ ಸವರಿ, ಜಿಡ್ಡು ಮೆತ್ತಗಾದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಕೆಲವಕ್ಕೆ ಕಿವಿಯ ಮೇಲೆ, ಅಂಗಾಲಿನಲ್ಲಿ ಹುಟ್ಟಿನಿಂದಲೇ ಕಪ್ಪು ಮಚ್ಚೆಗಳಿರುತ್ತವೆ. ಚರ್ಮ ನುಣುಪಾಗಿದ್ದರೆ ಅವುಗಳಿಂದ ತೊಂದರೆಯಿಲ್ಲ.

ಇನ್ನು ಎಚ್ಚರ ವಹಿಸಬೇಕಾದವು.

ಮೂಗು, ಕಣ್ಣಿನ ಸುತ್ತ, ಕಿವಿಯ ಮೇಲೆ ಕೂದಲು ಉದುರಿ ಹೊಟ್ಟು, ಹಕ್ಕಳೆ ಕಂಡರೆ ಹುಳುಕಡ್ಡಿ ಇರಬಹುದು. ಹೆಸರಿನಲ್ಲಿ ಹುಳು ಇದ್ದರೂ ಅದನ್ನು ತರುವುದು ಹುಳುವಲ್ಲ, ಶಿಲೀಂಧ್ರ. ಅದು ನಮ್ಮ ಕೈಗೂ ದಾಟುತ್ತದೆ.

ಬೆನ್ನು, ಭುಜ, ತೊಡೆಗಳಲ್ಲಿ ಕೂದಲು ಹೋಗಿ, ಗಿನಿ ಪಿಗ್ ಬಿಡದೆ ಕೆರೆದುಕೊಳ್ಳುತ್ತ, ಮುಟ್ಟಿದರೆ ಕಿರುಚುತ್ತಿದ್ದರೆ ಅದು ಕಜ್ಜಿ ನುಸಿಯ ಕಾಟ ಇರಬಹುದು. ಈ ನುಸಿ ಬರಿಗಣ್ಣಿಗೆ ಕಾಣುವುದಿಲ್ಲ. ತುರಿಕೆ ತಡೆಯಲಾರದೆ ಗಿನಿ ಪಿಗ್‌ಗೆ ಫಿಟ್ಸ್ ಕೂಡ ಬರಬಹುದು. ಹೀಗಾದರೆ ಅದೇ ದಿನ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.

ವಯಸ್ಸಾದ ಹೆಣ್ಣಿಗೆ ಎರಡೂ ಪಕ್ಕೆಗಳಲ್ಲಿ ಒಂದೇ ಸಮನಾಗಿ ಕೂದಲು ತೆಳುವಾದರೆ, ತುರಿಕೆ ಇಲ್ಲದಿದ್ದರೂ ತೋರಿಸಿ. ಅಂಡಾಶಯದಲ್ಲಿ ನೀರುಗುಳ್ಳೆ ಬೆಳೆದಿರಬಹುದು. ಅಂಗಾಲು ಕೆಂಪಾಗಿ ಊದಿದ್ದರೆ ಗೂಡಿನ ನೆಲ ನೋಡಿ. ತಂತಿ ಜಾಲರಿಯ ನೆಲ ಅದರ ಪಾದಕ್ಕೆ ಆಗುವುದಿಲ್ಲ.

ಅಜ್ಜ ಅಜ್ಜಿಯರಲ್ಲಿ ನನ್ನದೊಂದು ವಿನಂತಿ. ಏನೆಂದು ತಿಳಿಯದೆ ಮನೆಮದ್ದು ಹಚ್ಚಬೇಡಿ. ಗಿನಿ ಪಿಗ್ ಅದನ್ನು ನೆಕ್ಕಿ ನುಂಗುತ್ತದೆ. ನಾಯಿಗೆ ತಂದ ಉಣ್ಣೆಯ ಔಷಧಿಯೂ ಬೇಡ. ನಮ್ಮ ಪೆನಿಸಿಲಿನ್ ಜಾತಿಯ ಮಾತ್ರೆಗಳನ್ನಂತೂ ಬಾಯಿಗೆ ಹಾಕಲೇಬೇಡಿ, ಅದರ ಜೀವಕ್ಕೇ ಅಪಾಯ. ಮೊಮ್ಮಗುವಿನ ಕೈಯಲ್ಲಿ ಉಂಗುರ ಮೂಡಿದ್ದರೆ ಔಷಧಿ ಅಂಗಡಿಯಲ್ಲಿ ಕೇಳಿ ಮುಲಾಮು ತರುವುದೂ ತಪ್ಪು. ಸ್ಟೀರಾಯ್ಡ್ ಬೆರೆತ ಮುಲಾಮು ಹುಳುಕಡ್ಡಿಯನ್ನು ಹೆಚ್ಚಿಸುತ್ತದೆ. ವೈದ್ಯರಿಗೆ ತೋರಿಸಿ.

ಮಕ್ಕಳೇ, ನಿಮಗೊಂದು ಕೆಲಸ. ಒಂದು ಹಾಳೆಯಲ್ಲಿ ನಿಮ್ಮ ಗಿನಿ ಪಿಗ್‌ನ ಚಿತ್ರ ಬರೆಯಿರಿ. ಈಗ ಇರುವ ಮಚ್ಚೆಗಳನ್ನೆಲ್ಲ ಅದರಲ್ಲಿ ಗುರುತು ಹಾಕಿ. ಪ್ರತಿ ಭಾನುವಾರ ತಾತ ಅದನ್ನು ಮಡಿಲಲ್ಲಿ ಹಿಡಿದಿರಲಿ, ನೀವು ಕೂದಲು ಬಿಡಿಸಿ ಚಿತ್ರದ ಜೊತೆ ಹೋಲಿಸಿ ನೋಡಿ. ಹೊಸ ಮಚ್ಚೆ ಬಂದಿದೆಯೇ? ಹಳೆಯದು ದೊಡ್ಡದಾಗಿದೆಯೇ? ಅಡುಗೆಮನೆಯ ತಕ್ಕಡಿಯಲ್ಲಿ ಬುಟ್ಟಿ ಇಟ್ಟು ತೂಕವನ್ನೂ ಬರೆದಿಡಿ. ಕೊನೆಗೆ ಸೋಪು ಹಾಕಿ ಕೈ ತೊಳೆಯಿರಿ. ನಮ್ಮಂತೆಯೇ ಗಿನಿ ಪಿಗ್‌ನ ದೇಹವೂ ಸಿ ವಿಟಮಿನ್ ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಕೂದಲು ಒರಟಾಗುತ್ತದೆ. ದಿನವೂ ಹುಲ್ಲಿನ ಜೊತೆ ದಪ್ಪ ಮೆಣಸಿನಕಾಯಿಯ ಒಂದು ಹೋಳೋ, ಸ್ವಲ್ಪ ಕೊತ್ತಂಬರಿ ಸೊಪ್ಪೋ ಇರಲಿ.

ಚುಕ್ಕಿಯ ಸಮಾಚಾರ ಹೇಳಬೇಕಲ್ಲ? ಔಷಧಿ ಹಚ್ಚಿ, ಗೂಡಿನ ಬಟ್ಟೆಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆದು, ಆರು ವಾರ ಶ್ರದ್ಧೆಯಿಂದ ನೋಡಿಕೊಂಡರು. ಮೂಗಿನ ಮೇಲೆ ರೇಷ್ಮೆಯಂಥ ಕೂದಲು ಬಂತು. ಹುಡುಗಿಯ ಕೈಯ ಉಂಗುರವೂ ಮಾಯವಾಯಿತು. ಮೊನ್ನೆ ತೋರಿಸಲು ಬಂದಾಗ ತಾತ ಬುಟ್ಟಿ ತೆರೆದು ಸುಮ್ಮನೆ ಕಿವಿಯ ಹಿಂದೆ ಬೆರಳಾಡಿಸಿದರು.

“ತಾತ, ಅದು ಹಾಗೇ ಇರೋದು!” ಅಂದಳು ಮೊಮ್ಮಗಳು, ನಾನು ಬಾಯಿ ತೆರೆಯುವ ಮೊದಲೇ.