ತುರ್ತು ಎಂಬ ನೆಪ

ಅಮೆರಿಕದ ಕೀಟನಾಶಕ ಕಾಯ್ದೆಯ 18ನೇ ಕಲಮು, ಒಂದು ಬೆಳೆಗೆ ನೋಂದಣಿಯಾಗದ ವಿಷವನ್ನೂ 'ತುರ್ತು' ಎಂದು ಸಿಂಪಡಿಸಲು ಅವಕಾಶ ಕೊಡುತ್ತದೆ. 2014ರಲ್ಲಿ ಟೆಕ್ಸಾಸ್ ರಾಜ್ಯ ಸುಮಾರು 30 ಲಕ್ಷ ಎಕರೆ ಹತ್ತಿಗೆ ಪ್ರೊಪಜಿನ್ ಎಂಬ ಕಳೆನಾಶಕವನ್ನು ಹೀಗೆಯೇ ಕೇಳಿತು. ನಮ್ಮ ದಂಟಿನ ಸೊಪ್ಪಿನ ದಾಯಾದಿಯಾದ ಪಾಮರ್ ಅಮರಾಂತ್ ಎಂಬ ಕಳೆ ಅಲ್ಲಿ ಗ್ಲೈಫೋಸೇಟ್‌ಗೆ ಜಗ್ಗದಂತಾಗಿತ್ತು.

ನಾವು ಕೇಳುತ್ತೇವೆ: ಇದು ತುರ್ತೇ? ನೆರೆ, ಮಿಡತೆ ಹೇಳದೆ ಬರುತ್ತವೆ. ಗ್ಲೈಫೋಸೇಟ್ ತಡೆದುಕೊಳ್ಳುವ ಕುಲಾಂತರಿ ಹತ್ತಿ 1997ರಲ್ಲೇ ಹೊಲಕ್ಕಿಳಿದಿತ್ತು. ವರ್ಷ ವರ್ಷವೂ ಅದೇ ವಿಷ ಸುರಿದರು. ಅದಕ್ಕೆ ಸಾಯದ ಕಳೆ 2005ರಲ್ಲೇ ಜಾರ್ಜಿಯಾದಲ್ಲಿ ಕಂಡಿತ್ತು. ಒಂಬತ್ತು ವರ್ಷಗಳಿಂದ ನಡೆದು ಬಂದದ್ದು ಆಕಸ್ಮಿಕ ಹೇಗಾದೀತು?

ರೈತನ ಸಂಕಟ ಸುಳ್ಳಲ್ಲ. ಆದರೆ ಒಂದು ವಿಷ ಸೋತಾಗ ಇನ್ನೊಂದನ್ನು ಕೊಡುವುದು ಪರಿಹಾರವಲ್ಲ, ಸಾಲ ತೀರಿಸಲು ಮಾಡುವ ಸಾಲ. ಅದರ ಬಡ್ಡಿಯನ್ನು ಬಾವಿಯ ನೀರು ಕುಡಿಯುವವರು ಕಟ್ಟಬೇಕು. ಕುಡಿಯುವ ನೀರಿನ ಅಪಾಯವನ್ನೇ ಮುಂದಿಟ್ಟು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಆ ಅರ್ಜಿಯನ್ನು ತಿರಸ್ಕರಿಸಿತು. ಸರಿಯಾದ ಕೆಲಸ.

ಅನುಮತಿಯಿಲ್ಲದ ಕಳೆನಾಶಕ ಸಹಿಷ್ಣು ಹತ್ತಿ ನಮ್ಮ ದೇಶದ ಹೊಲಗಳಿಗೂ ಕಳ್ಳದಾರಿಯಲ್ಲಿ ಬಂದಿದೆ. ಇಲ್ಲಿಯೂ ನಾಳೆ ಯಾರಾದರೂ 'ತುರ್ತು' ಎಂದು ಬಂದರೆ, ಎಷ್ಟು ವರ್ಷದಿಂದ ಎಂದು ನಾವು ಮೊದಲು ಕೇಳೋಣ.